ಗುನ್ವೋರ್ ಬರೆದ ಕಾಗದ

ತೊರ್ಲೀಫನ ಕಾಗದ ಬಂದ ದಿನ ಆ ಮನೆಯಲ್ಲಿ ಊಟ ಬೇಗ ಮುಗಿಯುತ್ತಿತ್ತು. ಬೆಳಗಿನ ದೋಣಿಯಲ್ಲಿ ಬಂದ ಲಕೋಟೆಯನ್ನು ಅವನ ತಾಯಿ ಬೆರ್ಗಿಟ್ಟೆ ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡೇ ಆಲೂಗಡ್ಡೆ ಬೇಯಿಸುವಳು, ಇಟ್ಟುಕೊಂಡೇ ಬಡಿಸುವಳು. ತಟ್ಟೆಗಳೆದ್ದು, ಕಾಫಿ ಬಂದು, ಅವಳ ಗಂಡ ಸಿವೆರ್ಟ್ ಚುಂಗಾಣಿಯನ್ನು ಬಾಯಿಂದ ತೆಗೆದು ಕೆಳಗಿಟ್ಟ ಮೇಲೆಯೇ ಅದನ್ನು ಒಡೆಯಬೇಕು. ದೇವರ ಕೆಲಸಕ್ಕೆ ಮಡಗಾಸ್ಕರಿನಷ್ಟು ದೂರ ಹೋದ ಮಗನ ಮಾತಿಗೆ ಹೊಗೆ ಮುಸುಕಬಾರದು ಅಂತ ಅವಳ ಲೆಕ್ಕ.

ಆ ಏಪ್ರಿಲ್‌ನ ಕಾಗದಕ್ಕೆ ಎಲ್ಲರಿಗಿಂತ ಹೆಚ್ಚು ಕಾದವಳು ಕಿರಿಯ ಸೊಸೆ ಗುನ್ವೋರ್. ಜೂನ್‌ನಲ್ಲಿ ತೊರ್ಲೀಫ್, ಅವನ ಹೆಂಡತಿ ರಗ್ನಾ ಇಬ್ಬರೂ ಒಂದು ವರ್ಷದ ರಜೆಯ ಮೇಲೆ ಊರಿಗೆ ಬರುವುದೆಂದು ಗೊತ್ತಾಗಿತ್ತು. ಗುನ್ವೋರ್ ಮೇಲುಮಹಡಿಯ ಕೋಣೆ ಉಜ್ಜಿ, ಗೋಡೆಗೆ ಬಿಳಿ ಬಣ್ಣ ಹೊಡೆದು, ಹಾಸಿಗೆಗೆ ಹೊಸ ಗರಿ ತುಂಬಿದ್ದಳು. ಅವರ ಮಗಳು ಸಿಗ್ನೆ ಈ ಮನೆಗೆ ಬಂದಾಗ ನಾಲ್ಕು ವರ್ಷದವಳು. ಮೊದಲ ಮಗು ಮಡಗಾಸ್ಕರಿನಲ್ಲೇ ಜ್ವರದಲ್ಲಿ ತೀರಿಹೋಗಿದ್ದರಿಂದ ಎರಡನೆಯದನ್ನು ಅಲ್ಲಿಗೆ ಕರೆದೊಯ್ಯಲು ರಗ್ನಾಳಿಗೆ ಧೈರ್ಯ ಬಂದಿರಲಿಲ್ಲ. ಈಗ ಸಿಗ್ನೆಗೆ ಒಂಬತ್ತು. ಐದು ವರ್ಷವೂ ಅವಳ ತಲೆ ಬಾಚಿದವಳು, ಕೆಮ್ಮಿದರೆ ಎದ್ದವಳು, ಕಾಲುಚೀಲ ಹೆಣೆದವಳು ಗುನ್ವೋರ್. ಮದುವೆಯಾಗಿ ಹತ್ತು ವರ್ಷವಾದರೂ ಅವಳ ಹೊಟ್ಟೆಯಲ್ಲಿ ಮಗು ನಿಂತಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಬೆರ್ಗಿಟ್ಟೆ ಕನ್ನಡಕ ಏರಿಸಿ ಓದಿದಳು. ಅಲ್ಲಿ ಮಳೆ ಚೆನ್ನಾಗಿ ಆಗಿದೆ. ಹೊಸ ಚರ್ಚಿಗೆ ಮಾಡು ಹೊದಿಸಿದ್ದಾರೆ. ಆಮೇಲೆ ಅವಳ ಸ್ವರ ನಿಧಾನವಾಯಿತು.

"'ನಮ್ಮ ಜಾಗಕ್ಕೆ ಬರಬೇಕಿದ್ದವರು ಕಾಯಿಲೆ ಬಿದ್ದು ಹಿಂದಿರುಗಿದ್ದಾರೆ. ಇಲ್ಲಿಯ ಶಾಲೆಯಲ್ಲಿ ಎಂಬತ್ತು ಮಕ್ಕಳಿದ್ದಾರೆ. ಇವರನ್ನು ನಡುನೀರಿನಲ್ಲಿ ಬಿಟ್ಟು ಬರಲು ಮನಸ್ಸಾಗದು. ನಮ್ಮನ್ನು ಕಳಿಸಿಕೊಟ್ಟ ಊರಿನ ಸಭೆ ಒಪ್ಪಿದರೆ ಇನ್ನೆರಡು ವರ್ಷ ಇಲ್ಲೇ ಇರುತ್ತೇವೆ...'"

ಓದುತ್ತ ಓದುತ್ತ ಅವಳ ಕಣ್ಣು ತುಂಬಿತು. ದುಃಖವೂ ಇತ್ತು, ಹೆಮ್ಮೆಯೂ ಇತ್ತು. ಹೆಮ್ಮೆಯೇ ಒಂದು ಕೈ ಮೇಲಿತ್ತು.

"ಐದೂ ಎರಡೂ ಏಳು," ಎಂದ ಸಿವೆರ್ಟ್, ಯಾರಿಗೆಂದಿಲ್ಲದೆ.

"ಅಲ್ಲಿ ಎಂಬತ್ತು ಮಕ್ಕಳಂತೆ. ಇಲ್ಲೊಂದು ಇದೆಯಲ್ಲ, ಅದರ ಮಾತು ಬರೆದಿದ್ದಾರಾ ಅತ್ತೆ?" ಗುನ್ವೋರ್ ಕೇಳಿದಳು.

"ಬರೆದಿದ್ದಾನೆ. 'ಸಿಗ್ನೆಗೆ ಮುತ್ತುಗಳು.'"

"ಅಷ್ಟೇನಾ?"

"ಕಾಗದದಲ್ಲಿ ಜಾಗ ಎಷ್ಟಿರತ್ತೆ? ಪಾಪ, ಕೆಲಸದ ನಡುವೆ ಬರೀತಾನೆ ಅವನು."

ಸಿಗ್ನೆ ಕುರ್ಚಿಯಲ್ಲಿ ಕಾಲಾಡಿಸುತ್ತ ಕೂತಿದ್ದಳು. "ಚಿಕ್ಕಮ್ಮ, ಮುಗೀತಾ? ಕುರಿಮರಿ ನೋಡೋಕೆ ಹೋಗ್ಲಾ?"

"ಹೋಗು ಕಂದ. ಸ್ವೆಟರ್ ಹಾಕ್ಕೋ."

ಬಾಗಿಲು ಮುಚ್ಚಿದ ಮೇಲೆ ಗುನ್ವೋರಳ ಗಂಡ ಅಸ್ಲಾಕ್ ಕಾಫಿ ಬಟ್ಟಲು ದೂರ ಸರಿಸಿದ. "ನೋಡು, ಅದಕ್ಕೇನೂ ಅನ್ನಿಸಲೇ ಇಲ್ಲ."

"ಅದೇ ನನಗೆ ಹೆದರಿಕೆ," ಎಂದಳು ಗುನ್ವೋರ್.

*

ಸೇಲೋಯ್ ದ್ವೀಪದಲ್ಲಿ ಇದ್ದದ್ದು ನಲವತ್ತೆರಡು ಮನೆ, ಒಂದು ಅಂಗಡಿ, ಒಂದು ಪ್ರಾರ್ಥನಾ ಮಂದಿರ. ಆ ನಲವತ್ತೆರಡು ಮನೆ ಸೇರಿ ಒಬ್ಬ ಮಿಷನರಿಯನ್ನು ಸಾಕುತ್ತಿದ್ದವು. ಹೆಂಗಸರು ಮಂಗಳವಾರ ಮಂಗಳವಾರ ಕೂತು ಮಾರಲು ಕೈಗವಸು ಹೆಣೆಯುವರು, ಶರತ್ಕಾಲದಲ್ಲಿ ಕೇಕು ಹರಾಜು ಹಾಕುವರು. ಗಂಡಸರು ಹೆರಿಂಗ್ ಮೀನಿನ ಕಾಲದಲ್ಲಿ ಒಂದು ದಿನದ ಬಲೆಯನ್ನು ಮಡಗಾಸ್ಕರಿಗೆಂದೇ ಬೀಸುವರು. ದ್ವೀಪ ದಾಟದ ಮುದುಕಿಯರೂ ಅಲ್ಲಿನ ಹಳ್ಳಿಗಳ ಹೆಸರನ್ನು ನೆರೆಮನೆಯ ಹೆಸರಿನಂತೆ ಹೇಳುವರು. ಬೆರ್ಗಿಟ್ಟೆ ಮಂದಿರಕ್ಕೆ ಹೋದರೆ ಮುಂದಿನ ಬೆಂಚಿನಲ್ಲಿ ತಾನಾಗಿ ಜಾಗವಾಗುತ್ತಿತ್ತು. ಅವಳು ಮಗನನ್ನು ಕೊಟ್ಟವಳು.

ಭಾನುವಾರ ಸಭೆಯ ಹಿರಿಯ ಲೌರಿಟ್ಸ್ ಕಾಗದವನ್ನು ಎಲ್ಲರಿಗೂ ಓದಿದ. ದೋಣಿ ಕಟ್ಟುವವನು, ದೊಡ್ಡ ಕೈ, ಮೆತ್ತನೆ ಮಾತು. "ನಮ್ಮವರು ನಮ್ಮ ಒಪ್ಪಿಗೆ ಕೇಳ್ತಿದ್ದಾರೆ. ಒಪ್ಪೋರು ಕೈ ಎತ್ತಿ," ಎಂದ.

ಬೆಂಚು ಬೆಂಚೇ ಕೈಯೆತ್ತಿತು. ಬೆರ್ಗಿಟ್ಟೆಯದು ಮೊದಲು. ಅಸ್ಲಾಕ್ ಹೆಂಡತಿಯ ಮುಖ ನೋಡದೆ ಎತ್ತಿದ. ಸಿವೆರ್ಟ್ ಭುಜದ ನೋವಿನ ನೆಪ ಮಾಡಿ ಅರ್ಧ ಎತ್ತಿದ. ಗುನ್ವೋರ್ ಎರಡೂ ಕೈ ಮಡಿಲಲ್ಲಿಟ್ಟು ಬಿಗಿಹಿಡಿದು ಕೂತಳು. ಆಗ ಪಕ್ಕದಲ್ಲಿ ಒಂದು ಪುಟ್ಟ ಕೈ ಮೇಲೇರಿತು. ಸಿಗ್ನೆ. ಎಲ್ಲರಿಗಿಂತ ನೆಟ್ಟಗೆ, ಶಾಲೆಯಲ್ಲಿ ಉತ್ತರ ಗೊತ್ತಿರುವ ಮಕ್ಕಳು ಎತ್ತುವ ಹಾಗೆ.

ಹಿಂದಿನ ಬೆಂಚಿನಿಂದ ಯಾರೋ ಮೂಗು ಒರೆಸಿಕೊಂಡರು. ಲೌರಿಟ್ಸ್ ಕಾಗದ ಮಡಿಸಿದ. "ಈ ಮಗುವಿನ ತ್ಯಾಗ ನೋಡಿ," ಎಂದ.

ಮನೆಗೆ ನಡೆಯುತ್ತ ಗುನ್ವೋರ್ ಕೇಳಿದಳು, "ಯಾಕೆ ಎತ್ತಿದೆ ಕಂದ?"

"ಅವರು ಬಂದ್ರೆ ನಾನು ಮೇಲಿನ ಕೋಣೇಲಿ ಅವರ ಜೊತೆ ಮಲಗಬೇಕಂತೆ. ಅಜ್ಜಿ ಹೇಳಿದ್ಲು. ನಂಗೆ ಬೇಡ. ನಂಗೆ ನೀನು ಸಾಕು."

ಗುನ್ವೋರ್ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಅದು ಅವಳಿಗೆ ಎಷ್ಟು ಸಿಹಿಯಾಗಿ ಕೇಳಿಸಿತೆಂದರೆ, ಕದ್ದ ವಸ್ತು ಮನೆಯಲ್ಲಿಟ್ಟುಕೊಂಡವರಂತೆ ಅವಳು ದಿನವೆಲ್ಲ ಅಳುಕಿದಳು.

*

ತಿಂಗಳ ಮೊದಲ ಶನಿವಾರ ಸಿಗ್ನೆ ಅಪ್ಪ ಅಮ್ಮನಿಗೆ ಕಾಗದ ಬರೆಯಬೇಕು. ಅಜ್ಜಿ ಹೇಳಿಕೊಡುವಳು, ಮೊಮ್ಮಗಳು ಬರೆಯುವಳು. ಅವತ್ತು ಗುನ್ವೋರ್ ಒಲೆಯ ಬಳಿ ಮೀನಿನ ಉಂಡೆ ಕಟ್ಟುತ್ತಿದ್ದಳು.

"'ನಾನು ಸಂತೋಷವಾಗಿದ್ದೇನೆ.' ಬರಿ. 'ನಿಮಗಾಗಿ ದಿನಾ ಪ್ರಾರ್ಥಿಸುತ್ತೇನೆ.'"

"ದಿನಾ ಮಾಡಲ್ವಲ್ಲ ಅಜ್ಜಿ."

"ಇವತ್ತಿಂದ ಮಾಡು. ಬರಿ."

"ನನ್ನ ಹಲ್ಲು ಬಿದ್ದಿದ್ದು ಬರೀಲಾ?"

"ಅದೆಲ್ಲ ಯಾಕೆ? ಹಲ್ಲು ಬಿತ್ತು ಅಂದ್ರೆ ನಿಮ್ಮಮ್ಮ ಅಲ್ಲಿ ಕೂತು ಅಳ್ತಾಳೆ. ಅಳೋ ಹಾಗೆ ಬರೀಬಾರದು. 'ಎಲ್ಲರೂ ಕ್ಷೇಮ.'"

"ಅತ್ತೆ, ಅಳಲಿ ಬಿಡಿ ಒಂದ್ಸಲ," ಎಂದಳು ಗುನ್ವೋರ್ ತಿರುಗದೆ. "ತಾಯಿ ಅಲ್ವಾ?"

"ನೀನು ಉಂಡೆ ಕಟ್ಟಮ್ಮ. ತಾಯಿ ಸಂಕಟ ನಂಗೆ ಹೇಳಿಕೊಡಬೇಡ. ನಾನು ಹೆತ್ತಿದೀನಿ."

ಕೊನೆಯ ಮಾತು ಬಾಯಿಂದ ಜಾರಿದ ಮೇಲೆ ಬೆರ್ಗಿಟ್ಟೆಗೆ ತಾನೇನಂದೆ ಅನ್ನುವುದು ತಿಳಿಯಿತು. ಅವಳು ಎದ್ದು ಸುಮ್ಮನೆ ಒಲೆಗೆ ಸೌದೆ ಹಾಕಿದಳು. ಗುನ್ವೋರ್ ಉಂಡೆಗಳನ್ನು ಒಂದೊಂದಾಗಿ ಕುದಿಯುವ ನೀರಿಗೆ ಬಿಟ್ಟಳು. ಮಧ್ಯಾಹ್ನ ಊಟದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಉಪ್ಪು ದಾಟಿಸಲಿಲ್ಲ. ನಡುವೆ ಕೂತಿದ್ದ ಸಿವೆರ್ಟ್‌ಗೆ ಉಪ್ಪಿನ ಬಟ್ಟಲು ಅತ್ತಿಂದಿತ್ತ ಕೊಡುವುದೇ ಕೆಲಸವಾಯಿತು. "ನಂಗೂ ಒಂದು ಸಂಬಳ ಗೊತ್ತುಮಾಡಿ," ಎಂದ. ಯಾರೂ ನಗಲಿಲ್ಲ.

ಮುಂದಿನ ವಾರ ಅಂಗಡಿಯ ಮುಂದೆ ಶಾಲೆಯ ಮೇಷ್ಟ್ರು ಗುನ್ವೋರಳನ್ನು ನಿಲ್ಲಿಸಿದರು. "ಒಂದು ಮಾತಿತ್ತು. ತಪ್ಪು ತಿಳೀಬೇಡಿ. ಮಕ್ಕಳಿಗೆಲ್ಲ ಮನೆ ಮಂದಿ ಚಿತ್ರ ಬರೀರಿ ಅಂದಿದ್ದೆ. ಸಿಗ್ನೆ ಸಮುದ್ರ ಬರೆದು, ಅದರ ತಳದಲ್ಲಿ ಇಬ್ಬರನ್ನ ಮಲಗಿಸಿದ್ದಳು. ಯಾರಮ್ಮ ಅಂದ್ರೆ, ಅಪ್ಪ ಅಮ್ಮ, ಹಡಗು ಮುಳುಗಿ ಸತ್ತುಹೋದ್ರು ಅಂದ್ಲು. ಕ್ಲಾಸಿನ ಅರ್ಧ ಮಕ್ಕಳು ನಂಬಿದಾರೆ."

"ಅವಳು ಅಳ್ತಾ ಹೇಳಿದ್ಲಾ?"

"ಇಲ್ಲ. ಅದಕ್ಕೇ ನಿಮಗೆ ಹೇಳ್ದೆ."

ಗುನ್ವೋರ್ ತಂದ ಕಾಫಿಪುಡಿಯ ಪೊಟ್ಟಣ ಎದೆಗೊತ್ತಿಕೊಂಡೇ ಮನೆಗೆ ಬಂದಳು. ಅಸ್ಲಾಕ್ ದೋಣಿಮನೆಯಲ್ಲಿ ಬಲೆಯ ಹರುಕು ಹೆಣೆಯುತ್ತಿದ್ದ. ಅವನಿಗೆ ಎಲ್ಲ ಹೇಳಿ, "ನಾನು ಬರೀತೀನಿ," ಎಂದಳು.

"ಯಾರಿಗೆ?"

"ನಿನ್ನ ಅತ್ತಿಗೆಗೆ. ಈ ಮಗು ಕಣ್ಣಲ್ಲಿ ಅವಳು ಸತ್ತಿದಾಳೆ ಅಂತ. ಬಾ ಅಂತ."

"ಅಮ್ಮನಿಗೆ ಗೊತ್ತಾದ್ರೆ?"

"ಗೊತ್ತಾಗಲಿ."

ಅಸ್ಲಾಕ್ ಸೂಜಿ ಕೆಳಗಿಟ್ಟ. "ಗುನ್ವೋರ್, ಅವರು ಬಂದ್ರೆ ಮಗು ನಿನ್ನ ಕೈಬಿಟ್ಟು ಹೋಗತ್ತೆ. ಅದು ಗೊತ್ತು ತಾನೆ ನಿಂಗೆ?"

"ಹೋಗಬೇಕಾದಲ್ಲಿಗೆ ಹೋಗತ್ತೆ. ನಾನು ತಡ್ಕೋತೀನಿ."

"ಬರೀಬೇಡ," ಎಂದ ಅವನು. ಅವನಿಗೂ ಸಿಗ್ನೆ ಮಗಳೇ ಆಗಿದ್ದಳು. ಅದನ್ನು ಹೇಳುವ ಬಾಯಿ ಅವನಿಗಿರಲಿಲ್ಲ.

ಅವಳು ಬರೆದಳು. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಎಂದೂ ಬರೆದಿರಲಿಲ್ಲ. ಚಿತ್ರದ ವಿಷಯ ಬರೆದಳು, ಬಿದ್ದ ಹಲ್ಲಿನ ವಿಷಯ ಬರೆದಳು. ಕೊನೆಗೆ, "ನನ್ನಿಂದ ಇನ್ನು ಆಗದು. ನಾನು ಎಷ್ಟು ಮಾಡಿದರೂ ಅದು ತಾಯಿ ಮಾಡಿದಂತಾಗದು. ದಯವಿಟ್ಟು ಮನೆಗೆ ಬಾ," ಎಂದು ಬರೆದು, ಮಗುವಿನ ಹಲ್ಲನ್ನು ಕಾಗದದ ಚೂರಿನಲ್ಲಿ ಸುತ್ತಿ ಒಳಗಿಟ್ಟು ಅಂಟಿಸಿದಳು.

*

ಮೇ ಹೋಯಿತು, ಜೂನ್ ಹೋಯಿತು. ಆಲೂಗಡ್ಡೆ ಹೂಬಿಟ್ಟಿತು. ದಿನಾ ಬೆಳಗಿನ ದೋಣಿಯ ಹೊತ್ತಿಗೆ ಗುನ್ವೋರಳಿಗೆ ಅಂಗಳದಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಜುಲೈನಲ್ಲಿ ಹುಲ್ಲು ಕೊಯ್ದು ತಂತಿಯ ಮೇಲೆ ಒಣಹಾಕುತ್ತಿದ್ದಾಗ ಲೌರಿಟ್ಸ್ ದಿಬ್ಬ ಹತ್ತಿ ಬರುವುದು ಕಾಣಿಸಿತು. ವಾರದ ನಡುವೆ ಭಾನುವಾರದ ಕೋಟು ಹಾಕಿದ್ದ.

ಅಡುಗೆಮನೆಯಲ್ಲಿ ಬೆರ್ಗಿಟ್ಟೆ ದೋಸೆಯಂಥ ವಾಫಲ್ ಸುಟ್ಟು, ಕಂದು ಗಿಣ್ಣು ಹೆಚ್ಚಿ ಮುಂದಿಟ್ಟಳು. ಅವನು ಒಂದು ಚೂರೂ ಮುರಿಯಲಿಲ್ಲ.

"ತೊರ್ಲೀಫ್ ಬರೆದಿದ್ದಾನೆ, ಸಭೆಗೆ. ಮಿಷನ್‌ನವರಿಗೂ ಬರೆದಿದ್ದಾನೆ." ಅವನು ಗುನ್ವೋರಳ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ನಿಮಗಿದು ಇಷ್ಟು ಭಾರ ಆಗಿದೆ ಅಂತ ನಮಗ್ಯಾರಿಗೂ ಗೊತ್ತೇ ಆಗ್ಲಿಲ್ಲಮ್ಮ. ಕ್ಷಮಿಸಬೇಕು. ನಮ್ಮದೇ ತಪ್ಪು."

"ಭಾರ ಅಂತ ನಾನೆಲ್ಲಿ ಅಂದೆ?"

"ಆಗದು ಅಂತ ಬರೆದಿದ್ರಂತೆ. ರಗ್ನಾ ಓದಿ ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲವಂತೆ. ಆಮೇಲೆ ಇಬ್ಬರೂ ಪ್ರಾರ್ಥನೆ ಮಾಡಿ ತೀರ್ಮಾನ ತಗೊಂಡಿದಾರೆ. ನಗರದಲ್ಲಿ ಮಿಷನರಿಗಳ ಮಕ್ಕಳಿಗೆ ಅಂತಲೇ ಒಂದು ಮನೆ ಇದೆ. ಅಲ್ಲಿ ಆಗಸ್ಟ್‌ನಿಂದ ಸಿಗ್ನೆಗೆ ಜಾಗ ಸಿಕ್ಕಿದೆ."

ಒಲೆಯ ಮೇಲೆ ವಾಫಲ್ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ.

"ಬಾ ಅಂತ ಬರೆದಿದ್ದೆ ನಾನು," ಎಂದಳು ಗುನ್ವೋರ್. "ಅವಳಿಗೆ, ಬಾ ಅಂತ ಬರೆದಿದ್ದೆ."

"ಬರೋಕೆ ಆಗಲ್ವಲ್ಲಮ್ಮ. ಎಂಬತ್ತು ಮಕ್ಕಳು."

ಅವನು ದಿಬ್ಬ ಇಳಿದದ್ದೇ ತಡ, ಬೆರ್ಗಿಟ್ಟೆ ಸೊಸೆಯ ಮುಂದೆ ನಿಂತಳು. "ನನ್ನ ಬೆನ್ನ ಹಿಂದೆ ಬರೆದೆಯಾ? ಏನು ಕಡಿಮೆಯಾಗಿತ್ತೇ ನಿಂಗೆ? ಮಗು ನಿನ್ನ ಮಗ್ಗುಲು ಬಿಟ್ಟು ಇರ್ತಿತ್ತಾ?"

"ನೀವು ಒಂದು ಸಲ ನಿಜ ಬರೆಸಿದ್ದರೆ ನಾನು ಬರೀತಿರಲಿಲ್ಲ!"

"ನಿಜ! ನಿಜ ಬರೆದು ಏನು ಗಿಟ್ಟಿಸಿದೆ? ಮಗನ್ನ ಕೊಟ್ಟೆ ನಾನು, ತುಟಿ ಪಿಟಕ್ ಅನ್ನಲಿಲ್ಲ. ಯಾಕೆ ಗೊತ್ತಾ? ಈ ಮಗು ಮನೇಲಿತ್ತು. ಅವನ ನಡಿಗೆ, ಅವನ ಮೂಗು. ಅದನ್ನೂ ತಗೊಂಡುಹೋಗಿ ಕೊಟ್ಟೆಯಲ್ಲೇ!"

"ಸಾಕು," ಎಂದ ಸಿವೆರ್ಟ್. ಅವನು ಗಟ್ಟಿ ಸ್ವರ ತೆಗೆದದ್ದನ್ನು ಯಾರೂ ಕೇಳಿರಲಿಲ್ಲ. "ಕೈ ಎತ್ತಿದವರು ನಾವೆಲ್ಲ. ಎತ್ತದೇ ಇದ್ದವಳು ಇವಳೊಬ್ಬಳು. ಅವಳನ್ನ ಬೈತೀಯಲ್ಲ."

ಮಾರನೆಯ ಬೆಳಗ್ಗೆ ಗುನ್ವೋರ್ ಲೌರಿಟ್ಸ್ ದೋಣಿ ಕಟ್ಟುವಲ್ಲಿಗೆ ಹೋದಳು. ಮರದ ಸಿಪ್ಪೆಯ ರಾಶಿಯ ನಡುವೆ ನಿಂತು, ತಾನು ಬರೆದದ್ದು ತಪ್ಪು, ಮಗುವನ್ನು ತಾನೇ ಸಾಕುತ್ತೇನೆ, ಎರಡಲ್ಲ ಇಪ್ಪತ್ತು ವರ್ಷ ಸಾಕುತ್ತೇನೆ, ಹಾಗೆಂದು ತಂತಿ ಕಳಿಸಿ ಎಂದು ಬೇಡಿದಳು. ಅವನು ಕೀಸುಳಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

"ನಿಮ್ಮ ಮನಸ್ಸು ದೊಡ್ಡದು. ಆದ್ರೆ ನಿಮ್ಮ ಮೇಲೆ ಇನ್ನೂ ಹೊರಿಸಿದ್ರೆ ನಮಗೆ ಪಾಪ ಸುತ್ಕೊಳ್ಳತ್ತೆ. ತಂದೆ ತಾಯಿ ತೀರ್ಮಾನ ಮಾಡಿ ಆಗಿದೆ. ಅಲ್ಲಿ ಅವಳ ಹಾಗೇ ಇರೋ ಮಕ್ಕಳು ತುಂಬ ಇದ್ದಾರೆ. ಒಳ್ಳೇ ಜಾಗ."

ಸಿಟ್ಟು ಮಾಡಿದ್ದರೆ ಅವನೊಡನೆ ಜಗಳವಾದರೂ ಆಡಬಹುದಿತ್ತು.

*

ನಗರದ ಆ ಮಕ್ಕಳ ಮನೆಯಿಂದ ಒಂದು ಪಟ್ಟಿ ಬಂತು. ಎರಡು ಜೊತೆ ಬೂಟು, ಆರು ಒಳ ಅಂಗಿ, ನಾಲ್ಕು ಟವೆಲ್. ಪ್ರತಿ ಬಟ್ಟೆಗೂ ಇಪ್ಪತ್ತೇಳು ಅಂತ ನಂಬರು ಹೊಲಿದಿರಬೇಕು. ಮಂಗಳವಾರದ ಹೆಂಗಸರು ಮಡಗಾಸ್ಕರಿನ ಕೈಗವಸು ಬದಿಗಿಟ್ಟು ಸಿಗ್ನೆಗೆ ಹೊಲಿದರು. ಅವರೆಲ್ಲ ಎದ್ದುಹೋದ ಮೇಲೆ ಉಳಿದದ್ದನ್ನು ಅತ್ತೆ ಸೊಸೆ ಹೊಲಿದರು, ಕಿಟಕಿಯ ಬಳಿ, ಒಂದೇ ಬೆಂಚಿನಲ್ಲಿ. ಬೆರ್ಗಿಟ್ಟೆಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಗುನ್ವೋರ್ ಮಾತಿಲ್ಲದೆ ದಾರ ಪೋಣಿಸಿ ಪೋಣಿಸಿ ಕೊಡುತ್ತಿದ್ದಳು.

"ಕಾಲುಚೀಲಕ್ಕೂ ಹಾಕಬೇಕೇನೇ?"

"ಹೂಂ ಅತ್ತೆ. ಎರಡಕ್ಕೂ."

ಸಿಗ್ನೆಗೆ ಹೇಳುವ ಕೆಲಸ ತನ್ನದೆಂದು ಗುನ್ವೋರ್ ಒಪ್ಪಿಕೊಂಡಿದ್ದಳು. ಹಸು ಕರೆಯುವಾಗ ಹೇಳಿದಳು. ಹುಡುಗಿ ಬಕೆಟ್ಟಿನಲ್ಲಿ ನೊರೆ ಏರುವುದನ್ನೇ ನೋಡುತ್ತಿದ್ದಳು.

"ನಾನು ಏನು ಮಾಡಿದೆ?"

"ಏನೂ ಮಾಡಿಲ್ಲ ಕಂದ. ನೀನೇನೂ ಮಾಡಿಲ್ಲ."

"ಹಾಗಾದ್ರೆ ಯಾಕೆ?"

ಹಸು ಕಾಲು ಝಾಡಿಸಿತು. ಸಿಗ್ನೆ ಎದ್ದು ಕೊಟ್ಟಿಗೆಯ ಬಾಗಿಲಿಗೆ ಹೋಗಿ, ಒಳಗೆ ಬಂದು, ಮತ್ತೆ ಹೋಗಿ, "ಹಲ್ಲು ಬಿದ್ರೆ ಹೇಳಲ್ಲ. ಮತ್ತೆ ಯಾವತ್ತೂ ಮುಳುಗೋ ಚಿತ್ರ ಬರೆಯಲ್ಲ," ಎಂದಳು. ಹಾಗಾದರೆ ಮೇಷ್ಟ್ರು ಹೇಳಿದ್ದೂ, ತಾನು ಬರೆದದ್ದೂ, ಅಡುಗೆಮನೆಯ ಜಗಳವೂ ಎಲ್ಲ ಇವಳ ಕಿವಿಗೆ ಬಿದ್ದಿದೆ.

ಹೊರಡುವ ಮುನ್ನಿನ ಭಾನುವಾರ ಮಂದಿರದಲ್ಲಿ ಅವಳನ್ನು ಮುಂದೆ ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅಪ್ಪನನ್ನು ಕಳಿಸುವಾಗಲೂ ಹೀಗೇ ಮಾಡಿದ್ದರು. ದ್ವೀಪದವರು ಸೇರಿ ಹೊಸ ಸೂಟ್‌ಕೇಸ್ ಕೊಟ್ಟರು. ಒಳ್ಳೆಯ ಜನ. ಒಬ್ಬೊಬ್ಬರೂ ಕಣ್ಣೊರೆಸಿಕೊಂಡರು.

ಕಟ್ಟೆಯಲ್ಲಿ ದೋಣಿ ಹತ್ತುವಾಗ ಸಿಗ್ನೆ ಅಳಲಿಲ್ಲ. ಅಸ್ಲಾಕ್ ಅವಳ ಜೊತೆ ನಗರದವರೆಗೂ ಹೋದ. ಮೂರನೆಯ ದಿನ ಬಂದವನು ಬೂಟು ಬಿಚ್ಚದೆ ಕೂತ. "ಚೊಕ್ಕಟವಾಗಿದೆ. ಹಾಸಿಗೆ ಸಾಲಾಗಿ ಇವೆ. ಬೆಳಗ್ಗೆ ಓಟ್ಸ್ ಗಂಜಿ ಕೊಡ್ತಾರೆ," ಎಂದ. ಮತ್ತೆ ಕೇಳಿದರೆ, "ಹೇಳಿದೆನಲ್ಲ," ಎಂದ. ಆ ಚಳಿಗಾಲ ಅವನು ಹೆರಿಂಗ್ ಹಿಡಿಯಲು ಹೋದಾಗ ಮಡಗಾಸ್ಕರಿನ ದಿನದ ಬಲೆ ಬೀಸಲಿಲ್ಲ. ಯಾರೂ ಅವನನ್ನು ಕೇಳಲಿಲ್ಲ. ಬೆರ್ಗಿಟ್ಟೆ ಮುಂದಿನ ಬೆಂಚು ಬಿಟ್ಟು ಕಿಟಕಿಯ ಪಕ್ಕ ಕೂರತೊಡಗಿದಳು, ಅಲ್ಲಿ ಬೆಳಕು ಚೆನ್ನಾಗಿದೆ ಅಂತ.

*

ಕ್ರಿಸ್‌ಮಸ್ಸಿಗೆ ಸಿಗ್ನೆ ಆರು ದಿನಕ್ಕೆ ಬಂದಳು. ಎತ್ತರವಾಗಿದ್ದಳು. ಬಂದವಳು ಬಾಗಿಲಲ್ಲೇ ನಿಂತು, ಕೋಟು ಎಲ್ಲಿ ತೂಗುಹಾಕಬೇಕು ಎಂದು ಕೇಳಿದಳು. ಐದು ವರ್ಷ ತೂಗುಹಾಕಿದ ಮೊಳೆ ಅವಳ ಮೂಗಿನ ಮುಂದೇ ಇತ್ತು.

ಊಟಕ್ಕೆ ಹಬೆಯಲ್ಲಿ ಬೇಯಿಸಿದ ಕುರಿಯ ಪಕ್ಕೆಲುಬು, ಗಡ್ಡೆಯ ಪಲ್ಯ. ಅವಳು ಹಾಕಿದಷ್ಟು ತಿಂದು, ಏಳಲು ಅಪ್ಪಣೆ ಕೇಳಿ, ತಟ್ಟೆ ತೊಳೆಯುವಲ್ಲಿ ಇಟ್ಟಳು. "ನೋಡು, ಎಷ್ಟು ಶಿಸ್ತು ಕಲಿತಿದ್ದಾಳೆ," ಎಂದಳು ಬೆರ್ಗಿಟ್ಟೆ. ಹೇಳುವಾಗಲೇ ಧ್ವನಿ ಕುಗ್ಗಿತು. ಅಸ್ಲಾಕ್ ಅರ್ಧ ಊಟದಲ್ಲಿ ಎದ್ದು ಹಿಮ ಗೋರಲು ಹೋದ.

ಗುನ್ವೋರ್ ಬಾಚಣಿಗೆ ಹಿಡಿದು ಕರೆದಳು. "ಬಾ, ಜಡೆ ಹಾಕ್ತೀನಿ."

"ಬೇಡ, ನಾನೇ ಹಾಕ್ಕೋತೀನಿ. ಅಲ್ಲಿ ಎಲ್ಲರೂ ಅವರವರೇ ಹಾಕ್ಕೋತೀವಿ."

ಇಬ್ಬರೇ ಪಾತ್ರೆ ತೊಳೆಯಲು ನಿಂತಾಗ ಗುನ್ವೋರ್ ನಾಲ್ಕು ತಿಂಗಳಿಂದ ಕಟ್ಟಿಟ್ಟುಕೊಂಡಿದ್ದ ಮಾತು ಬಿಚ್ಚಿದಳು. "ನಿಮ್ಮಮ್ಮ ಬರಲಿ ಅಂತ ಬರೆದೆ ಕಂದ. ನಿನ್ನ ಕಳಿಸಲಿ ಅಂತ ಅಲ್ಲ. ದೇವರಾಣೆ ಅಲ್ಲ."

"ಗೊತ್ತು. ಅಮ್ಮ ಕಾಗದದಲ್ಲಿ ಬರೆದಿದ್ಲು."

"ನನ್ನ ಮೇಲೆ ಕೋಪನಾ?"

ಸಿಗ್ನೆ ಬಟ್ಟೆಯಿಂದ ತಟ್ಟೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಪೇರಿಸಿದಳು. ಇನ್ನೊಂದು ತೆಗೆದುಕೊಂಡಳು.

"ಚಿಕ್ಕಮ್ಮ, ನೀವು ಬರೀದೇ ಇದ್ದಿದ್ರೆ ನಾನು ಇಲ್ಲೇ ಇರ್ತಿದ್ನಾ?"

'ನೀನು' ಅನ್ನುತ್ತಿದ್ದವಳು 'ನೀವು' ಅಂದಳು. ಗುನ್ವೋರಳ ಕೈ ಬಿಸಿನೀರಿನಲ್ಲೇ ನಿಂತುಬಿಟ್ಟಿತು. ಸುಳ್ಳು ಹೇಳಬಹುದಿತ್ತು. ಈ ಮನೆಯಿಂದ ಮಡಗಾಸ್ಕರಿಗೆ ತಿಂಗಳು ತಿಂಗಳು ಹೋದದ್ದೆಲ್ಲ ಸುಳ್ಳೇ, ಅದರಿಂದ ಯಾರ ಮನೆಯೂ ಮುರಿದಿರಲಿಲ್ಲ.

"ಇರ್ತಿದ್ದೆ," ಎಂದಳು.

ಹುಡುಗಿ ತಲೆಯಾಡಿಸಿದಳು. ಉಳಿದ ತಟ್ಟೆಗಳನ್ನೆಲ್ಲ ಒರೆಸಿ ಮುಗಿಸಿ, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಂಬಿಗೆ ಹಾಕಿ, ಒಲೆಯ ಬಳಿ ಕೂತಿದ್ದ ಅಜ್ಜನ ಹತ್ತಿರ ಹೋಗಿ ವಾಪಸು ಹೋಗುವ ದೋಣಿ ಎಷ್ಟು ಗಂಟೆಗೆ ಎಂದು ಕೇಳಿದಳು.

"ಇನ್ನೂ ಐದು ದಿನ ಇದೆಯಲ್ಲ ಮಗ," ಎಂದ ಸಿವೆರ್ಟ್.

"ಗೊತ್ತು ಅಜ್ಜ," ಎಂದಳು ಸಿಗ್ನೆ. "ಎಷ್ಟು ಗಂಟೆಗೆ?"